ತಮ್ಮನ ಎತ್ತು ಕಿಚ್ಚು ಹಾಯ್ದದ್ದು

ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಏನೂ ಎಡವಟ್ಟಾಗದೆ ಸಂಜೆಯಾದದ್ದು ನನಗೆ ನೆನಪಿಲ್ಲ. ಹಾಸನದ ಕಡೆಯಿಂದ ಕುಶಾಲನಗರದ ಪಕ್ಕದ ಈ ಊರಿಗೆ ಬಂದು ನೆಲೆಸಿದ ನಮ್ಮಜ್ಜ ಹಬ್ಬವನ್ನೂ ಜೊತೆಗೇ ತಂದಿದ್ದರು. ಬೆಳಿಗ್ಗೆ ದನಗಳ ಮೈ ತೊಳೆದು ಸಿಂಗರಿಸುವುದು, ಎಳ್ಳು ಬೆಲ್ಲ ಹಂಚಿ ಒಳ್ಳೆಯ ಮಾತಾಡುವುದು, ಸಂಜೆ ರಸ್ತೆಗೆ ಅಡ್ಡ ಹುಲ್ಲು ಹರಡಿ ಕಿಚ್ಚು ಹಚ್ಚಿ, ದನಗಳನ್ನು ಅದರ ಮೇಲೆ ಹಾಯಿಸುವುದು. ಎಡವಟ್ಟುಗಳನ್ನು ಸೇರಿಸಿದವರು ಮಾತ್ರ ನಾನು, ನನ್ನ ತಮ್ಮ ಮತ್ತು ಅವನ ಎತ್ತು ಕರಿಯ.

ಒಂದು ಕೊಂಬು

ಒಂದು ವರ್ಷ ತಮ್ಮ ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟು, "ಅಕ್ಕ, ಕೊಂಬಿಗೆ ನೀನೇ ಬಳಿ. ಟೀಚರ್ ಕೈ, ನೀಟಾಗಿರುತ್ತೆ" ಅಂದ. ನಾನು ಟೇಪು ಹಿಡಿದು ಅಳೆದು, ಒಂದು ಕೆಂಪು ಪಟ್ಟೆ, ಅದು ಒಣಗಿದ ಮೇಲೆ ಒಂದು ಹಳದಿ ಪಟ್ಟೆ ಎಂದು ಬಳಿಯುತ್ತಾ ಕೂತೆ. ಎಡಗೊಂಬು ಮುಗಿಯುವಷ್ಟರಲ್ಲಿ ರಸ್ತೆಯಲ್ಲಿ ಕಿಚ್ಚು ಹತ್ತಿತ್ತು. ಕರಿಯ ಹಾಗೇ ಹೊರಟ. ಕೇಳಿದವರಿಗೆಲ್ಲ ತಮ್ಮನದು ಒಂದೇ ಉತ್ತರ: "ಇನ್ನೊಂದು ಕೊಂಬು ಹೋಂವರ್ಕು."

ಒಳ್ಳೆಯ ಮಾತು

ತಮ್ಮ ಕರಿಯನನ್ನು ಮಗುವಿನ ಹಾಗೆ ಸಾಕಿದ್ದ. ಆದರೆ ಬೈಯದೆ ಒಂದು ಹೆಜ್ಜೆಯೂ ನಡೆಸಿದವನಲ್ಲ. ಬೈಗುಳ ಮೂರೇ ಪದ, ಮೊದಲನೆಯದು ಕರಿಯನ ಅಮ್ಮನಿಗೆ ಸಂಬಂಧಿಸಿದ್ದು.

"ಹಬ್ಬದ ದಿನವಾದರೂ ಒಳ್ಳೆ ಮಾತಾಡೋ" ಅಂದೆ.

ಪ್ರತಿ ವರ್ಷದಂತೆ ಮೊದಲು ನನಗೆ ಎಳ್ಳು ಬೆಲ್ಲ ಕೊಟ್ಟ. ಆಮೇಲೆ ಕೊಟ್ಟಿಗೆಗೆ ಹೋಗಿ ಕರಿಯನಿಗೂ ಒಂದು ಹಿಡಿ ತಿನ್ನಿಸಿ, ಕೈಮುಗಿದು, "ಸ್ವಾಮಿ, ದಯವಿಟ್ಟು ನಡೆಯಬೇಕು" ಅಂದ.

ನಿಂತಿದ್ದ ಕರಿಯ ಮಲಗಿಬಿಟ್ಟ.

"ನೋಡಕ್ಕ, ನಿನ್ನ ಪಾಠ ಇವನ ಸಿಲೆಬಸ್ಸಿನಲ್ಲಿಲ್ಲ."

ಈ ವರ್ಷದ ಕಿಚ್ಚು

ತಮ್ಮ ಹೋಗಿ ಆರು ತಿಂಗಳಾಗಿತ್ತು. ವರ್ಷ ತುಂಬುವ ತನಕ ಹಬ್ಬವಿಲ್ಲ ಎಂದು ಮನೆಯಲ್ಲಿ ಎಳ್ಳು ಹುರಿಯಲಿಲ್ಲ. "ಹಬ್ಬ ಇಲ್ಲದ್ದು ನಮಗೆ, ಕರಿಯನಿಗಲ್ಲ ಅಕ್ಕ" ಎಂದು ತಮ್ಮನ ಹೆಂಡತಿ ಅವನ ಮೈ ತೊಳೆದಳು. ನಾನು ಎರಡೂ ಕೊಂಬಿಗೆ ಬಣ್ಣ ಬಳಿದೆ.

ಅವಳ ಅಪ್ಪ ಬಂದಿದ್ದರು. "ಉಳೋದಕ್ಕೆ ಟಿಲ್ಲರ್ ಇದೆ. ಈ ಹಟಮಾರಿ ಜೊತೆ ಯಾರಮ್ಮ ಏಗ್ತೀರಿ? ಇವತ್ತು ಕಿಚ್ಚು ಹಾಯದಿದ್ರೆ ನಾಳೆನೇ ಯಾರಿಗಾದ್ರೂ ಕೊಟ್ಟುಬಿಡೋಣ."

ಅವಳು ನನ್ನ ಮುಖ ನೋಡಿದಳು.

ಸಂಜೆ ಹಗ್ಗ ಹಿಡಿದವರೂ ಅವರೇ. ಊರಿನ ದನಗಳೆಲ್ಲ ಹಾಯ್ದವು, ಕರಿಯ ಮಾತ್ರ ಕಂಬದ ಹಾಗೆ ನಿಂತ. ಬೇಕರಿಯ ಮಲಯಾಳಿ "ಪೋಡಾ, ಪೋಡಾ" ಅಂದರು. ಎಸ್ಟೇಟಿನ ರೈಟರ್ "ಗೋ ಮ್ಯಾನ್, ಗೋ" ಅಂದರು. ಕರಿಯನಿಗೆ ಯಾವುದೂ ತಾಗಲಿಲ್ಲ. ಹುಲ್ಲು ಉರಿದು ತಗ್ಗತೊಡಗಿತು.

ನಾನು ಅವನ ಕಿವಿಯ ಹತ್ತಿರ ಹೋಗಿ ಆ ಮೂರು ಪದ ಮೆಲ್ಲಗೆ ಹೇಳಿದೆ. ಕಿವಿ ನಿಮಿರಿತು, ಕಾಲು ಕದಲಲಿಲ್ಲ. ತಮ್ಮ ಮೆಲ್ಲಗೆ ಹೇಳುತ್ತಿರಲಿಲ್ಲವಲ್ಲ. ಇಪ್ಪತ್ತೆರಡು ವರ್ಷ ಕೊನೆಯ ಬೆಂಚಿಗೆ ಕೇಳುವಂತೆ ಪಾಠ ಮಾಡಿದ ಗಂಟಲು ನನ್ನದು. ಒಂದಕ್ಷರ ಬಿಡದೆ, ಕ್ರಮ ತಪ್ಪದೆ ಕೂಗಿದೆ.

ಕರಿಯ ಹಾರಿದ. ಹಗ್ಗ ಬಿಡಲು ಮರೆತ ಆ ಹಿರಿಯರೂ ಪಂಚೆ ಎತ್ತಿಕೊಂಡು ಕಿಚ್ಚು ಹಾಯ್ದರು.

ತಮ್ಮನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. "ಥೇಟ್ ಅವರದೇ ಧಾಟಿ ಅಕ್ಕ!" ಎಂದು ನಗುತ್ತಿದ್ದಳು. ಕಿಚ್ಚಿನ ಆಚೆ ದಡದಿಂದ ಅವಳ ಅಪ್ಪ ಬೂದಿ ಕೊಡವಿಕೊಳ್ಳುತ್ತಾ, "ಎತ್ತು ಇರಲಿ ಬಿಡಮ್ಮ. ಟೀಚರಮ್ಮನಿಗೆ ಮಾತ್ರ ಇನ್ನು ಸಾಕು ಅನ್ನು" ಅಂದರು.

ಆಗ ನೋಡಿದೆ: ರಸ್ತೆಯ ಎರಡೂ ಬದಿಗೆ ನನ್ನ ಇಡೀ ಐದನೇ ಕ್ಲಾಸು ಬಾಯಿ ತೆರೆದು ನಿಂತಿತ್ತು.

ಮರುದಿನ ಕ್ಲಾಸಿಗೆ ಹೋದರೆ ಪಿಸುಮಾತೂ ಇಲ್ಲ. ಜೂನ್‌ನಿಂದ ಹೋಂವರ್ಕು ತೋರಿಸದವರ ಪುಸ್ತಕವೂ ಮೇಜಿನ ಮೇಲಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು, ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿತ್ತು, ತುಂಬ ಕನಿಕರದಿಂದ ಕೇಳಿದಳು:

"ನಿನ್ನೆ ನಿಮಗೆ ಯಾರೂ ಎಳ್ಳು ಬೆಲ್ಲ ಕೊಟ್ಟಿರ್ಲಿಲ್ವಾ, ಟೀಚರ್?"