ರಾಹುಕಾಲದಲ್ಲಿ ಕೂತ ಡ್ರೋನು

ಕೆಲಸ ಮಾಡಿ ಬಿಸಿಯಾಗುವುದು ಲೋಕರೂಢಿ. ಕೆಲಸ ಮಾಡದೆ ಬಿಸಿಯಾಗುವುದು ದೊಡ್ಡ ವಿದ್ಯೆ. ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಕಡೆಗೆ ಹೋಗುವ ಬಸ್ಸುಗಳು ಈ ವಿದ್ಯೆಯಲ್ಲಿ ಪಳಗಿವೆ. ಹೊರಡಲು ಇನ್ನೂ ಎಷ್ಟೋ ಹೊತ್ತಿರುವಾಗಲೇ ಡ್ರೈವರು ಇಂಜಿನ್ ಚಾಲೂ ಮಾಡಿ ಟೀ ಕುಡಿಯಲು ಹೋಗುತ್ತಾನೆ. ಈಗ ಹೊರಟೇಬಿಡುತ್ತದೆ ಎಂದು ನಂಬಿ ನಾವು ಓಡಿಬಂದು ಹತ್ತಿ, ಸೀಟಿನ ಜೊತೆ ನಾವೂ ಗಡಗಡ ನಡುಗುತ್ತಾ, ಬೆವರು ಒರೆಸಿಕೊಳ್ಳುತ್ತಾ, ನಿಂತಲ್ಲೇ ಪ್ರಯಾಣ ಮಾಡುತ್ತೇವೆ. ಆದರೆ ಬಸ್ಸನ್ನು ಬೈಯುವ ಹಕ್ಕು ನನಗಿಲ್ಲ. ನಾನು ಇದೇ ಕಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆ ಮನೆಗೆ ಹೋಗಿ "ಸಾಕಾಗಿ ಹೋಯ್ತು ಕಣೇ" ಎಂದು ಕುರ್ಚಿಗೆ ಒರಗಿದರೆ ನನ್ನ ಹೆಂಡತಿ ಗಿರಿಜಾ, "ಅಂಥಾದ್ದೇನು ಮಾಡಿದ್ರಿ?" ಎಂದು ಕೇಳುತ್ತಾಳೆ. ನಾನು ಕಾಫಿ ಕೇಳಿ ಮಾತು ತಪ್ಪಿಸುತ್ತೇನೆ.

ಇಂಥ ನನ್ನ ಕೈಗೆ ಹೋದ ವರ್ಷ ಒಂದು ಡ್ರೋನು ಬಂತು. ಬಂತು ಎಂದರೆ ಹಾರಿಕೊಂಡು ಬರಲಿಲ್ಲ. ಯಾರದೋ ಮದುವೆಯಲ್ಲಿ ನೋಡಿ ಆಸೆಪಟ್ಟು ನಾನೇ ಕೊಂಡು ತಂದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ನಾಲ್ಕು ರೆಕ್ಕೆ, ಮೂತಿಯಲ್ಲೊಂದು ಕ್ಯಾಮೆರಾ. ಅದು ಮೇಲಿನಿಂದ ನೋಡಿದ್ದೆಲ್ಲ ಕೆಳಗಿರುವ ನಮ್ಮ ಫೋನಿನಲ್ಲಿ ಕಾಣುತ್ತದೆ. ಗಿರಿಜಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕಾಯಿ ಕೀಳುತ್ತಾ?" ಎಂದಳು. ಇಲ್ಲ ಎಂದೆ. "ಮಂಗ ಓಡ್ಸುತ್ತಾ?" ಎಂದಳು. ಅದಕ್ಕೂ ಇಲ್ಲ ಎನ್ನಬೇಕಾಯಿತು. ಅಂಗಡಿಯವನು ಕೊಡುವಾಗ ಒಂದು ಮಾತು ಹೇಳಿದ್ದ: "ಆನ್ ಮಾಡಿ ಸುಮ್ನೆ ಕೂರಿಸ್ಬೇಡಿ ಸಾರ್. ಇದರೊಳಗೆ ಬೇರೆ ಫ್ಯಾನ್ ಇಲ್ಲ. ಹಾರ್ತಿದ್ರೆ ಅದರ ರೆಕ್ಕೆ ಗಾಳಿಗೇ ತಣ್ಣಗಿರುತ್ತೆ, ಕೂತ್ರೆ ಕಾಯುತ್ತೆ." ನಾನು ಎಲ್ಲಾ ತಿಳಿದವನಂತೆ ತಲೆಯಾಡಿಸಿ ಪೆಟ್ಟಿಗೆ ಹಿಡಿದು ಬಂದೆ. ತಂದಮೇಲೆ ಎರಡು ಸಲ ಮನೆಯ ತಾರಸಿಯ ಮೇಲೆ ಹಾರಿಸಿ, ನಮ್ಮದೇ ಸಿಂಟೆಕ್ಸ್ ಟ್ಯಾಂಕನ್ನು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದು, ಬೀರುವಿನ ಮೇಲಿಟ್ಟಿದ್ದೆ.

ನನ್ನ ಅತ್ತೆ ಗಂಗಮ್ಮನವರ ಊರು ಶಿವನಿ ಹತ್ತಿರ. ಮನೆಯ ಹಿಂದಿನ ದಿಣ್ಣೆ ದಾಟಿದರೆ ಅವರ ತೆಂಗಿನ ತೋಟ. ಬೋರ್‌ವೆಲ್ ಇಲ್ಲದ ಕಾಲದಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿ, ತಮ್ಮ ಮಕ್ಕಳಿಗಿಂತ ಹೆಚ್ಚು ಮುತುವರ್ಜಿಯಿಂದ ಬೆಳೆಸಿದ ಮರಗಳು. ಈಗ ಮಂಡಿ ಕೈಕೊಟ್ಟಿದೆ. ಎರಡು ವರ್ಷದಿಂದ ದಿಣ್ಣೆ ಹತ್ತಿಲ್ಲ. ಮಗ ಷಣ್ಮುಖಪ್ಪ, ಅಂದರೆ ನನ್ನ ಭಾವ, "ಟ್ರಾಕ್ಟರ್‌ನಾಗೆ ಕೂರಿಸ್ಕೊಂಡು ಹೋಯ್ತೀನಿ ಬಾರವ್ವ" ಎಂದರೆ, "ನಾನೇನು ಗೊಬ್ರನೇನೋ?" ಎಂದು ಗದರುತ್ತಾರೆ. ದಿನಾ ಸಂಜೆ ಒಂದೇ ಪ್ರಶ್ನೆ: "ಮರ ಹೆಂಗವೆ?" ಭಾವನದು ಒಂದೇ ಉತ್ತರ: "ಚೆನ್ನಾಗವೆ." ದಿನವೂ ಇಷ್ಟು ಚುಟುಕಾಗಿ ಚೆನ್ನಾಗಿರುವ ಮರಗಳ ಮೇಲೆ ಅತ್ತೆಗೆ ಅನುಮಾನ ಹುಟ್ಟಿತು. ಅಷ್ಟರಲ್ಲಿ ಪಕ್ಕದೂರಿನ ತೋಟಕ್ಕೆ ರೋಗ ಬಂದ ಸುದ್ದಿ ಬೇರೆ. ಒಂದು ದಿನ ಗಿರಿಜಾಗೆ ಫೋನ್ ಮಾಡಿ, "ನನ್ ತೋಟ ಹೋಯ್ತು ಕಣೇ, ಇವ್ರು ನಂಗೆ ಹೇಳ್ತಿಲ್ಲ" ಎಂದು ಅತ್ತರಂತೆ. ಅತ್ತೆ ಸುಲಭಕ್ಕೆ ಅಳುವವರಲ್ಲ. ಗಿರಿಜಾ ಬಂದು ನನ್ನ ಮುಂದೆ ನಿಂತು, "ಬೀರು ಮೇಲಿರೋದನ್ನ ಇಳಿಸಿ. ಅವ್ವಂಗೆ ತೋಟ ತೋರ್ಸಿ" ಎಂದಳು. ನನಗೂ ಡ್ರೋನಿಗೂ ಒಟ್ಟಿಗೇ ಬಂದ ಮೊದಲ ಕೆಲಸ ಅದು.

ಶುಕ್ರವಾರ ರಜೆ ಹಾಕಿ ಹೊರಟೆವು. ಊರು ಸೇರುವಾಗ ಹತ್ತು ದಾಟಿತ್ತು, ಹತ್ತೂವರೆಗೆ ರಾಹುಕಾಲ. ಭಾವನವರದು ಮಠಕ್ಕೆ ನಡೆದುಕೊಳ್ಳುವ ಮನೆ. ಹೊತ್ತು ಗಳಿಗೆ ನೋಡುವುದು ಮೂಢನಂಬಿಕೆ ಎಂದು ಮಠದಲ್ಲಿ ಹೇಳಿದರೆ ಮನಸಾರೆ ಒಪ್ಪುತ್ತಾರೆ. ಒಪ್ಪಿ, ಮನೆಗೆ ವಾಪಸು ಹೊರಡಲು ಒಳ್ಳೆಯ ಹೊತ್ತು ಯಾವುದೆಂದು ಕ್ಯಾಲೆಂಡರಿನಲ್ಲಿ ನೋಡುತ್ತಾರೆ. ಆ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇದೆ. ಕೆಟ್ಟ ಹೊತ್ತಿನಲ್ಲಿ ಹೊರಡಲೇಬೇಕಾಗಿ ಬಂದರೆ, ಅದಕ್ಕೆ ಮೊದಲೇ ಚೀಲವನ್ನು ಒಯ್ದು ಎದುರುಮನೆಯ ಜಗಲಿಯ ಮೇಲಿಟ್ಟು ಬರುತ್ತಾರೆ. ಚೀಲ ಹೊರಟರೆ ಮನುಷ್ಯ ಹೊರಟಂತೆ ಲೆಕ್ಕ. ಮದುವೆಯಾದ ಹೊಸದರಲ್ಲಿ ನನ್ನ ಚೀಲವೂ ಹೀಗೆ ಶಾಸ್ತ್ರೋಕ್ತವಾಗಿ ಹೊರಟಿತ್ತು. ನಾನು ಅದನ್ನು ಜಗಲಿಯಲ್ಲೇ ಮರೆತು ಕಡೂರಿಗೆ ಬಂದೆ. ಲೆಕ್ಕದ ಪ್ರಕಾರ ಅದು ನನಗಿಂತ ಮೊದಲೇ ಬಂದು ಸೇರಬೇಕಿತ್ತು.

"ಈಗ್ಲೇ ಹಾರ್ಸಿಬಿಡಲಾ?" ಎಂದು ಕೇಳಿದೆ. "ಮೇಲೆ ಹೋದಾಗ ರಾಹುಕಾಲ ಹಿಡ್ಕೊಂಡ್ರೆ?" ಎಂದರು ಭಾವ. ಆಮೇಲೆ ಸ್ವಲ್ಪ ಯೋಚಿಸಿ, "ಒಂದು ಕೆಲ್ಸ ಮಾಡಿ. ಈಗ ಆನ್ ಮಾಡಿಟ್ಬಿಡಿ. ಒಳ್ಳೆ ಹೊತ್ನಾಗೆ ಶುರು ಮಾಡಿದಂಗಾಯ್ತು. ಹನ್ನೆರಡಾದ್ಮೇಲೆ ನಿಧಾನಕ್ಕೆ ಹಾರ್ಸಣ" ಎಂದರು. ಚೀಲಕ್ಕೆ ಆಗುವುದು ಡ್ರೋನಿಗೆ ಆಗಬಾರದೇಕೆ ಎಂದು ನನಗೂ ಅನಿಸಿತು. ಅಳಿಯನಾದವನು ಮಾವನ ಮನೆಯ ಅಂಗಳದಲ್ಲಿ ವಿಜ್ಞಾನ ಮಾತಾಡಬಾರದು. ಮಣೆ ಬಂತು. ಅಂಗಳದ ನಡುವೆ ಮಣೆಯ ಮೇಲೆ ಡ್ರೋನು ಕೂತಿತು. ಬೆನ್ನಿಗೆ ಮೂರು ಬೆರಳಿನ ವಿಭೂತಿ, ಗಾಳಿಯಾಡುವ ಕಿಂಡಿಯ ಮೇಲೆ ಸರಿಯಾಗಿ ಒಂದು ದಾಸವಾಳ. ಆನ್ ಮಾಡಿದೆ. ಹಸಿರು ದೀಪ ಮಿನುಗಿತು. ಎಲ್ಲರೂ ತಿಂಡಿಗೆ ಒಳಗೆ ಹೋದೆವು.

ಎರಡನೇ ದೋಸೆಗೆ ಫೋನು ಕೂಗಿಕೊಂಡಿತು. ಯಂತ್ರ ಅತಿಯಾಗಿ ಬಿಸಿಯಾಗಿದೆ, ಹಾರಿಸಿ ಇಲ್ಲವೇ ಆಫ್ ಮಾಡಿ ಎಂದು ಕೆಂಪಕ್ಷರದಲ್ಲಿ ಬಂದಿತ್ತು. ಓಡಿಹೋಗಿ ಮುಟ್ಟಿದೆ, ಕೈ ಚುರ್ ಎಂದಿತು. ಹಾರಿಸೋಣವೆಂದರೆ ರಾಹುಕಾಲ. "ಆಫ್ ಮಾಡ್ಲಾ?" ಎಂದರೆ ಭಾವ ಗಾಬರಿಯಾದರು. "ದೀಪ ಹಚ್ಚಿ ಆರಿಸ್ತಾರೇನ್ರೀ?" ನಾವಿಬ್ಬರೂ ವಾದಿಸುತ್ತಿರುವಾಗ ಡ್ರೋನು ಯಾರ ಅಪ್ಪಣೆಗೂ ಕಾಯದೆ ತಾನೇ ಆರಿಕೊಂಡಿತು. ಜಗಲಿಯ ಮೇಲೆ ಕೂತಿದ್ದ ಅತ್ತೆ ಎಲ್ಲವನ್ನೂ ನೋಡಿದ್ದರು. "ಬಿಡ್ರಪ್ಪ. ನಂಗೆ ಆ ತೋಟ ನೋಡೋ ಯೋಗ ಇಲ್ಲ" ಎಂದು ಮುಖ ತಿರುಗಿಸಿದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆಲ್ಲಗೆ ಹೇಳಿದ್ದಕ್ಕೆ, ಅರ್ಧಕ್ಕೆ ಬಿಟ್ಟುಬಂದ ದೋಸೆಯ ಕಡೆ ನಾನು ಮತ್ತೆ ಹೋಗಲಿಲ್ಲ.

ಆಮೇಲೆ ನಡೆದದ್ದು ಉಪಚಾರ. ದಾಸವಾಳ ತೆಗೆದು, ವಿಭೂತಿ ಒರೆಸಿ, ಡ್ರೋನನ್ನು ಒಳಗೆ ಒಯ್ದು ತಣ್ಣನೆಯ ನೆಲದ ಮೇಲೆ ಮಲಗಿಸಿದೆವು. ಭಾವ ಅದನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡೋಣ ಎಂದರು; ಗಿರಿಜಾ ಕಿತ್ತುಕೊಂಡಳು. ಕರೆಂಟು ಇರಲಿಲ್ಲ. ಭಾವ ಒಂದು ಕಡೆ ಮೊರದಲ್ಲಿ, ಗಿರಿಜಾ ಇನ್ನೊಂದು ಕಡೆ ಹಳೆಯ ಲಗ್ನಪತ್ರಿಕೆಯಲ್ಲಿ ಬೀಸಿದರು. ಮದುವೆಯಾದಂದಿನಿಂದ ಆ ಮನೆಯಲ್ಲಿ ನನಗೆ ಯಾರೂ ಹಾಗೆ ಗಾಳಿ ಬೀಸಿಲ್ಲ. ನಾನು ದೇವರಿಗೆ ಹರಕೆ ಹೊರುವವನಲ್ಲ. ಅವತ್ತು ಮಾತ್ರ ಅಂತರಘಟ್ಟಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹನ್ನೆರಡು ದಾಟಿತು. ಅತ್ತೆಯನ್ನು ಕುರ್ಚಿ ಸಮೇತ ಅಂಗಳಕ್ಕೆ ತಂದೆವು. ಆನ್ ಮಾಡಿದವನೇ ಒಂದು ಗಳಿಗೆಯೂ ಕೂರಿಸದೆ ಮೇಲಕ್ಕೆ ಬಿಟ್ಟೆ. ಕೂತು ಕೂತೇ ಅರ್ಧ ಬ್ಯಾಟರಿ ತಿಂದಿತ್ತು, ಆದರೂ ಹಾರಿತು. ಫೋನಿಗೆ ಬಿಸಿಲು ಬೀಳದಂತೆ ಗಿರಿಜಾ ಸೆರಗು ಹಿಡಿದಳು. ಪರದೆಯಲ್ಲಿ ದಿಣ್ಣೆ ಕೆಳಗಿಳಿಯಿತು, ಅದರಾಚೆ ತೋಟ ಕಂಡಿತು. ಹಸಿರಾಗಿ, ಸಾಲು ಸಾಲಾಗಿ. ಅತ್ತೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇಷ್ಟೇನಾ?" ಎಂದರು. "ನೀರು ಹೊತ್ತು ಹೊತ್ತು ನಡ ಬಿದ್ದೋಯ್ತು. ಮೇಲಿಂದ ನೋಡಿದ್ರೆ ರೊಟ್ಟಿ ಅಗಲ ಇಲ್ವಲ್ಲಪ್ಪ." ಆಮೇಲೆ ಬೆರಳಿಟ್ಟು, "ಈ ಮೂಲೇಲಿ ಎರಡು ಮರದ ಸುಳಿ ಒಣಗ್ಯವೆ" ಎಂದರು. ಭಾವ ನೆಲ ನೋಡಿದರು. "ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ ಕಣವ್ವ."

"ಎರಡೇ ಅಲ್ವೇನೋ? ಹೇಳಿದ್ರೆ ಎರಡಕ್ಕೆ ಅಳ್ತಿದ್ದೆ. ನೀನು ಹೇಳ್ದೆ ಇದ್ದಿದ್ದಕ್ಕೆ ದಿನಾ ಇಡೀ ತೋಟಕ್ಕೇ ಅಳಂಗಾಯ್ತು" ಎಂದರು. ಎಂದು, ಎಷ್ಟೋ ದಿನಗಳ ಮೇಲೆ ನಕ್ಕರು. ಜೀವಮಾನದಲ್ಲಿ ಒಂದಾದರೂ ಕೆಲಸ ಮಾಡಿದೆ ಎಂದು ಎದೆಯುಬ್ಬಿಸಿ ನಿಂತೆ.

ಬ್ಯಾಟರಿ ಮುಗಿಯುತ್ತ ಬಂದು ಡ್ರೋನು ತಾನಾಗಿ ಮನೆಯ ಕಡೆ ತಿರುಗಿತು. ಪರದೆಯ ಮೇಲೆ ಹೆಂಚು ಬಂತು, ಬಾವಿ ಬಂತು, ಅಂಗಳ ಬಂತು. ಅಂಗಳದ ನಡುವೆ ಏನೋ ದುಂಡಗೆ ಥಳಥಳ ಹೊಳೆಯುತ್ತಿತ್ತು. ನಾನೂ ಕುತೂಹಲದಿಂದ ಬಗ್ಗಿದೆ. ಅದೂ ಬಗ್ಗಿತು. ಕನ್ನಡಿಯಲ್ಲಿ ದಿನಾ ಮುಂದಲೆಯ ಕೂದಲನ್ನಷ್ಟೇ ನೋಡಿ ಬಾಚಿಕೊಳ್ಳುವ ನಾನು, ನನ್ನ ನೆತ್ತಿಯನ್ನು ಕಂಡದ್ದು ಅದೇ ಮೊದಲು.

"ಗಿರಿಜಾ, ಯಾರೋ ತಪ್ಪಲೆ ಅಂಗಳದಾಗೇ ಬಿಟ್ಟವ್ರೆ ನೋಡೇ" ಎಂದರು ಅತ್ತೆ. "ಬಿಸ್ಲಿಗೆ ಸುಮ್ನೆ ಕಾಯ್ತದೆ, ಒಳಗಿಡು."

ಗಿರಿಜಾ ಪರದೆ ನೋಡಿದಳು, ನನ್ನನ್ನು ನೋಡಿದಳು. "ಅದು ಸುಮ್ನೇ ಕಾಯೋದೇ ಕಣವ್ವ" ಎಂದಳು.

ನಾನು ಡ್ರೋನನ್ನು ಇಳಿಸಿ ತಕ್ಷಣ ಆಫ್ ಮಾಡಿದೆ. ಆಮೇಲೆ ಯಾರೂ ಹೇಳದಿದ್ದರೂ ಹೋಗಿ ನೆರಳಿನಲ್ಲಿ ಕೂತೆ.