ಎರವಲು ಬಂದ ಹುಳಗಳು

ನ್ಯೂ ಲಿನ್ ಎಂಬ ಊರಿನ ಪುಟ್ಟ ಮ್ಯೂಸಿಯಮ್ಮಿನ ಫ್ರೀಜರು ಕೆಡುವುದಕ್ಕೂ ದೂರದ ಡನೀಡಿನ್ ಊರಿನ ಮ್ಯೂಸಿಯಮ್ಮಿನಿಂದ ಹುಳಗಳ ಪೆಟ್ಟಿಗೆ ಬಂದಿಳಿಯುವುದಕ್ಕೂ ಸರಿಹೋಯಿತು. ಹುಳಗಳನ್ನು ಪರಸ್ಪರ ಎರವಲು ಕೊಡಲು ಎರಡೂ ಕಡೆಯವರು ಒಪ್ಪಿದ್ದು ಇದೇ ಮೊದಲು. ಇದು ಸುಸೂತ್ರವಾಗಿ ನಡೆದರೆ ತಿಪ್ಪೇಸ್ವಾಮಿಯ ಕೆಲಸ ಕಾಯಂ ಎಂದು ಹೇಳಿ ಮೇಲಧಿಕಾರಿ ಲಿಂಗರಾಜ ರಜೆಯ ಮೇಲೆ ಹೋಗಿದ್ದ.

ಹೊರಗಿನಿಂದ ಬಂದ ಪೆಟ್ಟಿಗೆಯನ್ನು ತೆರೆಯದೆ ಮೊದಲು ಫ್ರೀಜರಿನಲ್ಲಿಡುವುದು ಅಲ್ಲಿನ ಪದ್ಧತಿ. ಒಣಗಿದ ಹುಳಗಳ ನಡುವೆ ಜೀವಂತ ಕ್ರಿಮಿಯೊಂದು ನುಸುಳಿ ಬಂದರೆ ಇಡೀ ಸಂಗ್ರಹವನ್ನೇ ಕೊರೆದು ಪುಡಿ ಮಾಡೀತು. ತಿಪ್ಪೇಸ್ವಾಮಿ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಪಕ್ಕದ ಬೀದಿಯ ಕಾಮಾಕ್ಷಿ ಆಂಟಿಯ ಮನೆಗೆ ಓಡಿದ.

"ಏನೋ ಅದು?"

"ಹುಳ, ಆಂಟಿ. ನಿಮ್ಮ ಫ್ರೀಜರಲ್ಲಿ ಸ್ವಲ್ಪ ಜಾಗ ಬೇಕಿತ್ತು."

"ರಾಮ ರಾಮ. ನೈವೇದ್ಯಕ್ಕೆ ಕಾಯಿತುರಿ ಇಟ್ಟಿರೋ ಫ್ರೀಜರಪ್ಪಾ ಅದು. ಹುಳ ಬಿದ್ರೆ ಎತ್ತಿ ಎಸೀತಾರೆ, ನೀನು ತಂದು ಇಡು ಅಂತೀಯಲ್ಲ."

"ಸತ್ತಿವೆ ಆಂಟಿ. ಸತ್ತು ಎಷ್ಟೋ ವರ್ಷ ಆಗಿರತ್ತೆ."

"ಹಾಗಾದ್ರೆ ಸೂತಕ ಕಳೆದಿರತ್ತೆ, ಇಡು."

ಬೇಲಿಯಾಚೆಯಿಂದ ಪಕ್ಕದ ಮನೆಯ ಅಶ್ವತ್ಥ ಇಣುಕಿದ. "ಸಾಸಿವೆ ಅಂತ ಒಗ್ಗರಣೆಗೆ ಹಾಕ್ಬಿಟ್ಟೀರ, ಆಂಟಿ."

ತಿಪ್ಪೇಸ್ವಾಮಿ ಮ್ಯೂಸಿಯಮ್ಮಿಗೆ ಮರಳಿ ಚಹಾ ಹೀರುತ್ತಿದ್ದಾಗ ಡನೀಡಿನ್ನಿನಿಂದ ರಚನಾಳ ಫೋನು ಬಂತು. ಪೆಟ್ಟಿಗೆ ಕಳಿಸಿದವಳು ಅವಳೇ, ಧಾರವಾಡದ ಹುಡುಗಿ.

"ಹುಳಕ್ಕ ಊಟಾ ಹಾಕಿದ್ರೇನ್ರೀ?"

"ಸತ್ತ ಹುಳಕ್ಕೆ ಊಟ ಯಾಕ್ರೀ?"

"ಸತ್ತಾವಂತ ಯಾರ್ ಹೇಳ್ಯಾರ? ಹಕ್ಕಿ ಎಲುಬಿಗೆ ಅಂಟಿದ ಮಾಂಸಾ ತಿಂದು ಸ್ವಚ್ಛ ಮಾಡೋ ಹುಳಾ ಅವು. ಲಿಂಗರಾಜ ಸರ್ ಕೇಳಿದ್ರಂತ ಜೀವಂತ ಕಳಿಸೇವಿ. ಬೆಚ್ಚಗ ಇಡ್ರಿ, ಚಳಿ ತಡ್ಯಂಗಿಲ್ಲ."

ತಿಪ್ಪೇಸ್ವಾಮಿಯ ಮೈಯೇ ಫ್ರೀಜರಾಯಿತು. ಕಾಯಂ ಆಗಬೇಕಾದ ಕೆಲಸ ಕಾಯಿತುರಿಯ ಪಕ್ಕದಲ್ಲಿ ಹೆಪ್ಪುಗಟ್ಟುತ್ತಿರುವುದನ್ನು ನೆನೆದು ಅವನು ಓಡಿದ ಓಟಕ್ಕೆ ಬಸ್ಸಿನವನೂ ದಾರಿ ಬಿಟ್ಟ.

ಕಾಮಾಕ್ಷಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದರು.

"ಸುಳ್ಳು ಹೇಳಿದ್ಯಲ್ಲೋ. ನೀನು ಆ ಕಡೆ ಹೋದೆ, ಪೆಟ್ಟಿಗೇಲಿ ಪರಪರ ಸದ್ದು. ಜೀವ ಇರೋದನ್ನ ಚಳೀಲಿ ಹಾಕೋಕೆ ಮನಸ್ಸಾದ್ರೂ ಹೇಗೆ ಬಂತು? ಆಗಲೇ ತೆಗೆದೆ."

"ಬದುಕಿವೆಯಾ, ಆಂಟಿ?"

"ದೇವರು ದೊಡ್ಡವನು. ಒಂದೂ ಸತ್ತಿಲ್ಲ."

ತಿಪ್ಪೇಸ್ವಾಮಿ ಅಲ್ಲೇ ಅವರ ಕಾಲಿಗೆ ಬಿದ್ದ.

"ಏಳೋ ಸಾಕು. ಬೆಚ್ಚಗಿರ್ಲಿ ಅಂತ ಮುಚ್ಚಳ ತೆಗೆದು ಬೀರುವಿನಲ್ಲಿ ನನ್ನ ಧಾರೆ ರೇಷ್ಮೆ ಸೀರೆ ಮೇಲೆ ಬಿಟ್ಟಿದೀನಿ. ಅಕ್ಕಿ ಹಾಕಿದ್ರೆ ಮೂಸಿಯೂ ನೋಡ್ಲಿಲ್ಲ, ಆದ್ರೂ ಏನೋ ಮೆಲ್ತಿರೋ ಸದ್ದು ಕೇಳತ್ತೆ. ಇರು, ಕನ್ನಡಕ ತರ್ತೀನಿ, ಏನು ತಿಂತಿವೆ ನೋಡೋಣ."