ನಲವತ್ತೆಂಟನೇ ವಯಸ್ಸಿಗೆ ಇಪ್ಪತ್ತೊಂದು ಕಿಲೋಮೀಟರ್

ಓಡುವ ಹೆಂಗಸು ಕಣ್ಣಿಗೆ ಬಿದ್ದರೆ ನಮ್ಮ ಕಡೆ ಯಾರೂ ಸುಮ್ಮನೆ ಬಿಡುವುದಿಲ್ಲ. ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತೆ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ, ದಿನಾ ನಡೆಯಿರಿ ಅಂದಿದ್ದರು ಡಾಕ್ಟರು. ನಡೆದು ನಡೆದು ಬೇಸರವಾಗಿ ಓಡಿದೆ. ಆಮೇಲೆ ಹುಮ್ಮಸ್ಸು ಹೆಚ್ಚಾಗಿ, ಯಾದಗಿರಿಯಲ್ಲಿ ನಡೆಯಲಿದ್ದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರೂ ಕೊಟ್ಟೆ.

೧. ಬಸ್ಸು

ಮೊದಲ ವಾರ ಸುರಪುರದ ರಸ್ತೆಯಲ್ಲಿ ದುಪಟ್ಟಾ ಸೊಂಟಕ್ಕೆ ಬಿಗಿದು ಓಡುತ್ತಿದ್ದೆ. ಹಿಂದಿನಿಂದ ಬಂದ ಬಸ್ಸು ನನ್ನನ್ನು ದಾಟಿ ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲು ತೆರೆದು ಕೈ ಚಾಚಿದ. ಕಿಟಕಿಯಿಂದ ಹೊರಬಂದ ತಲೆಗಳೆಲ್ಲ ಬರ್ರಿ, ಬರ್ರಿ ಅನ್ನುತ್ತಿದ್ದವು. ಇಷ್ಟು ಜನ ಕಾಯುವಾಗ ನಿಧಾನ ಮಾಡುವುದು ಹೇಗೆ? ಇನ್ನೂ ಜೋರಾಗಿ ಓಡಿ ಬಾಗಿಲ ಹತ್ತಿರ ಹೋಗಿ, ನಾನು ಬಸ್ಸಿಗಾಗಿ ಓಡುತ್ತಿಲ್ಲ ಅಂದೆ.

"ಮತ್ತ ಯಾರ್ ಬೆನ್ನ ಹತ್ಯಾರ್ರಿ?"

ಯಾರೂ ಇಲ್ಲ, ಸುಮ್ಮನೆ ಓಡುತ್ತಿದ್ದೇನೆ ಅಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಸಿಳ್ಳೆ ಊದಿದ. ಆ ಬಸ್ಸಿನಲ್ಲಿ ನನ್ನ ತವರೂರು ರಾಮಸಮುದ್ರದವರೊಬ್ಬರು ಕೂತಿದ್ದರಂತೆ. ಸಂಜೆಗೆ ಅವ್ವನ ಫೋನು ಬಂತು.

"ಹೊತ್ತು ಮೂಡೂದ್ರಾಗ ಮನಿ ಬಿಟ್ಟು ಓಡಿದೆಂತ. ಅಳಿಯನ ಕೂಡ ನಾ ಬಂದು ಮಾತಾಡ್ಲೇನು?"

೨. ಪುಂಡಿಪಲ್ಲೆ

ನಮ್ಮ ಅತ್ತೆ ಆಯುಷ್ಯವೆಲ್ಲ ಹೊಲದಲ್ಲಿ ದುಡಿದವರು. ದಿನಾ ಎಲ್ಲಿಯ ತನಕ ಹೋಗುತ್ತಿ ಎಂದು ಕೇಳಿದರು. ಕಾಲುವೆ ದಂಡೆಯ ತನಕ ಅಂದೆ. ಅಲ್ಲಿಂದ ಏನು ತರುತ್ತಿ ಎಂದರು. ಏನೂ ಇಲ್ಲ ಅಂದೆ. ಅಷ್ಟು ದೂರ ಹೋಗಿ ಬರಿಗೈಲಿ ಬರುವುದು ಅವರ ಮನಸ್ಸಿಗೆ ಒಗ್ಗಲೇ ಇಲ್ಲ. ಮರುದಿನದಿಂದ ಕೈಚೀಲ ಕೊಟ್ಟು ಕಳಿಸತೊಡಗಿದರು. ದಂಡೆಯ ಹೊಲದವಳ ಹತ್ತಿರ ಪುಂಡಿಪಲ್ಲೆ ತೆಗೆದುಕೊಂಡು, ಸೊಪ್ಪು ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಓಡಿ ಬರುತ್ತಿದ್ದೆ.

ಒಂದು ಬೆಳಿಗ್ಗೆ ದಂಡೆಯನ್ನೂ ದಾಟಿ ಹೋದೆ. ಜೀವನದಲ್ಲಿ ಮೊದಲ ಸಲ ಹದಿನೈದು ಕಿಲೋಮೀಟರ್. ಮನೆಯ ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ತುಂಬಿಕೊಂಡು ಅತ್ತೆಗೆ ಸುದ್ದಿ ಹೇಳಿದೆ. ಅವರು ನನ್ನ ಹೆಗಲು ನೋಡಿದರು, ಕೈ ನೋಡಿದರು.

"ಪಲ್ಲೆ ಎಲ್ಲೆದ?"

೩. ಕಪ್

ಓಟದ ದಿನ ನನ್ನ ಬ್ಯಾಗು ಕಾಯಲು ಗಂಡ ಬಂದಿದ್ದರು. ಹದಿನೇಳನೇ ಕಿಲೋಮೀಟರಿನಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಮುಂದೆ ಯಾರೂ ಕಾಣಿಸಲಿಲ್ಲ. ಹಿಂದೆ ಇದ್ದದ್ದು ಆಂಬುಲೆನ್ಸ್ ಒಂದೇ. ಅದರ ಡ್ರೈವರು ಇಳಿದು ಬಂದು, ಸಾಕು, ಗಾಡಿ ಹತ್ತಿ ಅಕ್ಕೋರೆ, ಒಳಗೆ ತಂಪಾಗಿದೆ ಅಂದ. ನಿಜ ಹೇಳುತ್ತೇನೆ, ಎದ್ದು ಬಾಗಿಲ ತನಕ ಹೋಗಿದ್ದೆ. ಆಗ ಗಂಡನ ಫೋನು ಬಂತು. ದನಿ ತೀರ ಮೆಲ್ಲಗಿತ್ತು.

ಆದದ್ದಿಷ್ಟು. ನಲವತ್ತೈದು ದಾಟಿದ ಮಹಿಳೆಯರ ವಿಭಾಗಕ್ಕೆ ಹೆಸರು ಕೊಟ್ಟವಳು ನಾನೊಬ್ಬಳೇ. ಮುಖ್ಯ ಅತಿಥಿಗಳಿಗೆ ಹೊರಡುವ ಅವಸರ. ಹೇಗೂ ಮೊದಲು ಬರುವವಳು ಆಕೆಯೇ ಎಂದು ನನ್ನ ಹೆಸರು ಕೂಗಿ, ಗಂಡನ ಕೊರಳಿಗೆ ಹಾರ ಹಾಕಿ, ಕೈಗೆ ಕಪ್ ಕೊಟ್ಟು, ಫೋಟೊ ಹೊಡೆದುಬಿಟ್ಟಿದ್ದರು.

"ಕಪ್ ನನ್ನ ಕೈಯಾಗದ," ಅಂದರು. "ನೀ ಓಡಿ ಬರಲಿಲ್ಲಂದ್ರ ನಾ ಕಳ್ಳ ಆಗ್ತೀನಿ."

ಆಂಬುಲೆನ್ಸಿನ ಬಾಗಿಲು ನಾನೇ ಮುಚ್ಚಿದೆ. ಉಳಿದ ನಾಲ್ಕು ಕಿಲೋಮೀಟರಿಗೆ ಒಂದು ತಾಸು ಹಿಡಿಯಿತು. ಕುಂಟಿದೆ, ನಡೆದೆ, ಮತ್ತೆ ಓಡಿದೆ. ಹೋಗುವಷ್ಟರಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಸುಣ್ಣದ ಗೆರೆ ಯಾವುದೋ ಬೈಕಿನ ಚಕ್ರಕ್ಕೆ ಅಳಿಸಿಹೋಗಿತ್ತು. ಗೆರೆ ಇಲ್ಲಿತ್ತು ನೋಡು ಎಂದು ಗಂಡ ಕಾಲಿನಿಂದ ತೋರಿಸಿದರು. ದಾಟಿದೆ. ನೌಕರಿ ಸಿಕ್ಕ ದಿನವೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಕಪ್ ಯಾರ ಕೈಗೆ ಬೇಕಾದರೂ ಹೋಗಲಿ, ಇಪ್ಪತ್ತೊಂದೂ ಕಿಲೋಮೀಟರ್ ಈ ಕಾಲಿನವೇ ಎಂದು ಅವತ್ತು ತಿಳಿಯಿತು.

ಮರುದಿನದ ಪತ್ರಿಕೆಯ ತುಣುಕಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಚಿತ್ರದಲ್ಲಿ ಹಾರ ಹಾಕಿಕೊಂಡು, ಕಪ್ ಹಿಡಿದು, ದಪ್ಪ ಮೀಸೆಯಲ್ಲಿ ನಗುತ್ತಿದ್ದಾರೆ ನನ್ನ ಗಂಡ. ಕೆಳಗೆ ಅಚ್ಚಾಗಿದೆ: 'ಮಹಿಳೆಯರ ವಿಭಾಗದಲ್ಲಿ ಪ್ರಥಮ.'